ಮೂಲಮನೆಯ ಹೋಟೆಲಿನ ಚರಿತ್ರೆ ಬರೆಯುವಾಗ ಮೊದಲ ಹೆಸರು ಯಾರದ್ದಾಗಬೇಕು?

ಘಟ್ಟದ ಬುಡ

ಎಲ್ಲರಿಗೂ ನಮಸ್ಕಾರ. ಕುಂದಾಪುರದಿಂದ ಮೂಡಣಕ್ಕೆ ಬಂದರೆ ಘಟ್ಟ ಹತ್ತುವ ಮೊದಲು ಸಿಗುವ ಒಂದು ಸಣ್ಣ ಪೇಟೆಯಲ್ಲಿ ನಮ್ಮ ಮೂಲಮನೆಯಿದೆ. ನಡುವೆ ಅಂಗಳ, ಸುತ್ತ ನಾಲ್ಕು ಕಡೆ ಹೆಂಚಿನ ಮಾಡು ಇರುವ ಹಳೆಯ ಕಾಲದ ಮನೆ ಅದು. ಅದರ ಹೊರಜಗುಲಿ ಮತ್ತು ಚಾವಡಿಯಲ್ಲಿ ನಮ್ಮ ಕುಟುಂಬದವರು ಮೂರು ತಲೆಮಾರುಗಳಿಂದ ಹೋಟೆಲು ನಡೆಸುತ್ತಿದ್ದಾರೆ. ಒಳಗೆ ನಾವು ಇರುತ್ತೇವೆ, ಹೊರಗೆ ಗಿರಾಕಿಗಳು ಕೂರುತ್ತಾರೆ, ಇಬ್ಬರಿಗೂ ಒಂದೇ ಅಡುಗೆಮನೆ.

ಹೋಟೆಲಿಗೆ ಐವತ್ತು ವರ್ಷ ತುಂಬಿತೆಂದು ದೊಡ್ಡಪ್ಪ ಒಂದು ಕಲ್ಲಿನ ಫಲಕ ಹಾಕಿಸಲು ಮತ್ತು ಒಂದು ಸಣ್ಣ ಪುಸ್ತಿಕೆ ತರಲು ಹೊರಟಿದ್ದಾರೆ. ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. 1974ರ ಭೂಮಸೂದೆಯಲ್ಲಿ ಗದ್ದೆಗಳು ಒಕ್ಕಲುಗಳ ಪಾಲಾದ ಮೇಲೆ ಬೇರೆ ದಾರಿ ಕಾಣದೆ ಅಜ್ಜಯ್ಯ ಹೋಟೆಲು ಹಾಕಿದರೆಂಬುದು ದೊಡ್ಡಪ್ಪ ಹೇಳುವ ಕಥೆ. ಆದರೆ ಶಿವಮೊಗ್ಗದಲ್ಲಿರುವ, ಎಂಬತ್ತರ ಹತ್ತಿರವಾಗಿರುವ ನನ್ನ ಅತ್ತೆ ಅದನ್ನು ಒಪ್ಪುವುದಿಲ್ಲ. ತಾವು ಲಂಗ ತೊಟ್ಟು ಓಡಾಡುತ್ತಿದ್ದ ಕಾಲದಲ್ಲಿಯೇ ಘಟ್ಟ ಇಳಿದು ಬರುವ ಗಾಡಿಯವರು ನಮ್ಮ ಜಗುಲಿಯಲ್ಲಿ ಕೂತು ಅವಲಕ್ಕಿ, ಕಡುಬು ತಿಂದು, ಬೆಲ್ಲದ ಕಾಫಿ ಕುಡಿದು ದುಡ್ಡು ಕೊಟ್ಟು ಹೋಗುತ್ತಿದ್ದರೆಂದೂ, ಅದನ್ನೆಲ್ಲ ಮಾಡುತ್ತಿದ್ದವರು ಅಜ್ಜಯ್ಯನ ಅಕ್ಕ ಎಂದೂ ಅವರು ಹೇಳುತ್ತಾರೆ. ಬಾಲ್ಯದಲ್ಲಿಯೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ ಆ ಹೆಂಗಸನ್ನು ಊರಿಡೀ ದೊಡ್ಡತ್ತೆ ಎಂದೇ ಕರೆಯುತ್ತಿತ್ತು. ಅವರ ಒಂದು ಫೋಟೋ ಕೂಡ ನಮ್ಮ ಮನೆಯಲ್ಲಿಲ್ಲ. ಈಗ ನಾನು ಯಾವ ವರ್ಷವನ್ನು ಬರೆಯಲಿ, ಯಾರನ್ನು ಸ್ಥಾಪಕರೆಂದು ಬರೆಯಲಿ? ಇಂತಹ ಚರಿತ್ರೆಯನ್ನು ಯಾವ ದಾಖಲೆಗಳಿಂದ ಖಚಿತಪಡಿಸಿಕೊಳ್ಳಬಹುದು? ತಿಳಿದವರು ದಯವಿಟ್ಟು ಹೇಳಬೇಕು.

ತೆಂಕುಪೇಟೆ

ದೊಡ್ಡಪ್ಪ ಹೇಳುವುದೇ ಸರಿ ಎಂದು ನನಗೆ ತೋರುತ್ತದೆ. ದಾರಿಹೋಕರಿಗೆ ಜಗುಲಿಯಲ್ಲಿ ತಿಂಡಿ ಕೊಡುವುದು ಬೇರೆ, ಹೋಟೆಲು ನಡೆಸುವುದು ಬೇರೆ. ಬೋರ್ಡು, ಪರವಾನಗಿ, ಗಲ್ಲಾಪೆಟ್ಟಿಗೆ ಇವೆಲ್ಲ ಬಂದ ದಿನದಿಂದ ವರ್ಷ ಎಣಿಸಬೇಕು.

ಸೌದೆ ಒಲೆ

ದುಡ್ಡು ಪಡೆದು ಊಟ ತಿಂಡಿ ಕೊಟ್ಟರೆ ಅದು ಹೋಟೆಲೇ. ಬೋರ್ಡಿನಿಂದ ಹೋಟೆಲು ಹುಟ್ಟುತ್ತದೆ ಎಂದಾದರೆ, ನಮ್ಮ ಕರಾವಳಿಯ ಅರ್ಧಕ್ಕರ್ಧ ಹೋಟೆಲುಗಳು ಇನ್ನೂ ಹುಟ್ಟೇ ಇಲ್ಲ ಎನ್ನಬೇಕಾಗುತ್ತದೆ. ಗಲ್ಲಾಪೆಟ್ಟಿಗೆಯ ಹಿಂದೆ ಕೂತವರ ಹೆಸರು ಊರಿಗೆಲ್ಲ ಗೊತ್ತಿರುತ್ತದೆ. ಒಲೆಯ ಮುಂದೆ ಕೂತವರ ಹೆಸರು ಮನೆಯವರಿಗೂ ಮರೆತುಹೋಗಿರುತ್ತದೆ. ನಿಮ್ಮ ಅತ್ತೆಯ ಮಾತನ್ನು ಹಗುರವಾಗಿ ಕಾಣಬೇಡಿ.

ಹಳೆಯ ಕಡತ

ಪತ್ರಾಗಾರಗಳಲ್ಲಿ ಕೆಲವು ವರ್ಷ ಕೆಲಸ ಮಾಡಿದ ಅನುಭವದಿಂದ ಹೇಳುತ್ತಿದ್ದೇನೆ. ಮೊದಲು ಒಂದು ವಿಷಯವನ್ನು ಗಮನಿಸಿ. 1956ರ ನವೆಂಬರ್ 1ರ ತನಕ ನಿಮ್ಮ ಊರು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಉಡುಪಿ ಜಿಲ್ಲೆ ಆದದ್ದು 1997ರಲ್ಲಿ. ಆದುದರಿಂದ ಹಳೆಯ ಕಾಗದಗಳಲ್ಲಿ ಕೆಲವು ತಾಲ್ಲೂಕು ಕಚೇರಿಯಲ್ಲಿ, ಕೆಲವು ಮಂಗಳೂರಿನಲ್ಲಿ, ಇನ್ನು ಕೆಲವು ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿ ಇರಬಹುದು. ಮನೆಯಲ್ಲಿ ಮದರಾಸು ಸರಕಾರದ ಮುದ್ರೆಯಿರುವ ಯಾವುದೇ ಪರವಾನಗಿ ಸಿಕ್ಕಿದರೆ ದೊಡ್ಡಪ್ಪನ 1974 ಅಲ್ಲಿಗೇ ಬಿದ್ದುಹೋಗುತ್ತದೆ.

ಎರಡನೆಯದಾಗಿ, ಉಪನೋಂದಣಿ ಕಚೇರಿಯಲ್ಲಿ ಋಣಭಾರ ಪತ್ರಕ್ಕೆ ಅರ್ಜಿ ಹಾಕಿ. ಮನೆಯನ್ನು ಅಡವಿಟ್ಟದ್ದು, ಬಿಡಿಸಿಕೊಂಡದ್ದು, ಪಾಲುಪಟ್ಟಿ ಆದದ್ದು ಎಲ್ಲವೂ ಅದರಲ್ಲಿ ಬರುತ್ತದೆ, ಮತ್ತು ಹಳೆಯ ಅಡವು ಪತ್ರಗಳಲ್ಲಿ ಮನೆಯ ಚೆಕ್ಕುಬಂದಿಯನ್ನು ವಿವರಿಸುವಾಗ ಅಲ್ಲಿ ನಡೆಯುತ್ತಿದ್ದ ವ್ಯಾಪಾರವನ್ನು ಉಲ್ಲೇಖಿಸಿರುವುದನ್ನು ನಾನು ಕಂಡಿದ್ದೇನೆ. ಪತ್ರಿಕೆಯ ಜಾಹೀರಾತುಗಳನ್ನು ಹುಡುಕುವುದಾದರೆ, 'ಉದಯವಾಣಿ' ಆರಂಭವಾದದ್ದೇ 1970ರಲ್ಲಿ ಎಂಬುದು ನೆನಪಿರಲಿ; ಅದಕ್ಕಿಂತ ಹಿಂದಿನ ಕಾಲಕ್ಕೆ ಮಂಗಳೂರಿನ ಹಳೆಯ ಪತ್ರಿಕೆಗಳ ಕಡತವನ್ನೇ ನೋಡಬೇಕು.

ಲೆಕ್ಕಿಗ

ಹಳೆಯ ಲೆಕ್ಕದ ಪುಸ್ತಕ ಏನಾದರೂ ಇದೆಯೇ? ಇದ್ದರೆ ಕಾಲವನ್ನು ಹೇಳುವುದು ಬಹಳ ಸುಲಭ. 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂತು, ರೂಪಾಯಿಗೆ ನೂರು ಪೈಸೆಯಾಯಿತು. ಲೆಕ್ಕ ಆಣೆಯಲ್ಲಿದ್ದರೆ ಅದು ಅದಕ್ಕಿಂತ ಹಿಂದಿನದು.

ತೆಂಕುಪೇಟೆ

ಇದನ್ನು ಒಪ್ಪಲಾಗದು. ನನ್ನ ತಂದೆ 1980ರ ದಶಕದಲ್ಲಿಯೂ ನಾಲ್ಕಾಣೆ, ಎಂಟಾಣೆ ಎಂದೇ ಹೇಳುತ್ತಿದ್ದರು, ಚೀಟಿಯಲ್ಲಿ ಹಾಗೆಯೇ ಬರೆಯುತ್ತಿದ್ದರು. ಇಪ್ಪತ್ತೈದು ಪೈಸೆಯ ನಾಣ್ಯಕ್ಕೆ ನಾಲ್ಕಾಣೆ ಎಂಬ ಹೆಸರು ಕೊನೆಯ ತನಕ ಉಳಿದಿತ್ತು. ಆಣೆ ಎಂಬ ಶಬ್ದದಿಂದ ಏನೂ ಸಾಬೀತಾಗುವುದಿಲ್ಲ.

ಲೆಕ್ಕಿಗ

ನೀವು ಹೇಳಿದ್ದು ಸರಿ, ನಾನು ಅವಸರದಲ್ಲಿ ಬರೆದೆ. ತಿದ್ದಿಕೊಳ್ಳುತ್ತೇನೆ. ನೋಡಬೇಕಾದದ್ದು ಶಬ್ದವನ್ನಲ್ಲ, ಲೆಕ್ಕದ ಅಂಕಣಗಳನ್ನು. ರೂಪಾಯಿ, ಆಣೆ, ಪೈ ಎಂದು ಮೂರು ಅಂಕಣಗಳಿದ್ದು, ಹನ್ನೆರಡು ಪೈ ಸೇರಿದಾಗ ಒಂದು ಆಣೆಯನ್ನೂ, ಹದಿನಾರು ಆಣೆ ಸೇರಿದಾಗ ಒಂದು ರೂಪಾಯಿಯನ್ನೂ ಮುಂದಕ್ಕೆ ಒಯ್ದಿದ್ದರೆ ಅದು ನಿಶ್ಚಯವಾಗಿ ಹಳೆಯ ಪದ್ಧತಿಯ ಲೆಕ್ಕ. ಹೊಸ ನಾಣ್ಯ ಬಂದ ಮೇಲೆಯೂ ಕೆಲವು ಕಾಲ ಎರಡೂ ಚಲಾವಣೆಯಲ್ಲಿದ್ದುದರಿಂದ ನಾಲ್ಕೈದು ವರ್ಷಗಳ ಅಂತರವನ್ನು ಬಿಟ್ಟುಕೊಡೋಣ. ಆದರೂ 1974ಕ್ಕೆ ಅದು ಎಂದಿಗೂ ಬರುವುದಿಲ್ಲ.

ಹೆಂಚಿನ ಮಾಡು

ಮನೆಯೇ ಒಂದು ದಾಖಲೆ. ಮಾಡಿನ ಹೆಂಚನ್ನು ಮಗುಚಿ ನೋಡಿ, ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಬಾಸೆಲ್ ಮಿಷನ್ನಿನವರು ಮಂಗಳೂರಿನ ನೇತ್ರಾವತಿ ದಂಡೆಯಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಮೊದಲ ಮಹಾಯುದ್ಧದ ಕಾಲದಲ್ಲಿ ಆ ಕಾರ್ಖಾನೆಗಳು ಅವರ ಕೈತಪ್ಪಿ, ಆಮೇಲೆ ಕಾಮನ್‌ವೆಲ್ತ್ ಟ್ರಸ್ಟಿಗೆ ಸೇರಿದವು. ಹೀಗಾಗಿ ಅಚ್ಚಿನ ಹೆಸರಿನಿಂದ ಹೆಂಚು ಯುದ್ಧಕ್ಕೆ ಹಿಂದಿನದೋ ಮುಂದಿನದೋ ಎಂದು ಊಹಿಸಬಹುದು. ಒಂದು ಎಚ್ಚರಿಕೆ: ನಮ್ಮವರು ಹೆಂಚನ್ನು ಒಂದು ಮನೆಯಿಂದ ಬಿಚ್ಚಿ ಇನ್ನೊಂದಕ್ಕೆ ಹೊದೆಸುವುದು ಸಾಮಾನ್ಯ. ಇಡೀ ಮಾಡಿನಲ್ಲಿ ಒಂದೇ ಅಚ್ಚು ಇದೆಯೇ, ಹೊರಜಗುಲಿಯ ಮಾಡಿನಲ್ಲಿ ಮಾತ್ರ ಬೇರೆ ಅಚ್ಚು ಇದೆಯೇ ಎಂಬುದನ್ನು ಗಮನಿಸಿ. ಗಿರಾಕಿಗಳಿಗೆಂದು ಜಗುಲಿಯನ್ನು ಮುಂದಕ್ಕೆ ಚಾಚಿದ್ದರೆ ಆ ಭಾಗದ ಹೆಂಚು ಬೇರೆಯೇ ಇರುತ್ತದೆ.

ಇನ್ನೊಂದು ಮಾತು, ಪ್ರಶ್ನೆಗೆ ನೇರ ಸಂಬಂಧವಿಲ್ಲದಿದ್ದರೂ ಹೇಳಲೇಬೇಕು. ಈಗ ಗ್ಯಾಸಿನ ಒಲೆ ಇರಬೇಕಲ್ಲ? ಸೌದೆಯ ಹೊಗೆ ಅಟ್ಟದ ಮರಮುಟ್ಟುಗಳಿಗೆ ಹಿಡಿದಿರುವಷ್ಟು ಕಾಲ ಹುಳುವಿನ ಕಾಟ ಕಡಿಮೆ. ಹೊಗೆ ನಿಂತ ಮೇಲೆ ಹಲಸಿನ ಪಕಾಸಿಗಳನ್ನು ವರ್ಷಕ್ಕೊಮ್ಮೆ ತಟ್ಟಿ ನೋಡುವುದನ್ನು ಮರೆಯಬೇಡಿ. ಫಲಕಕ್ಕಿಂತ ಮಾಡು ಮುಖ್ಯ.

ಮಾವಳ್ಳಿಯ ಓದುಗ

ಹೋಟೆಲುಗಳ ಚರಿತ್ರೆಯನ್ನು ಬರೆಯುವಾಗ ಭೂಮಸೂದೆಯನ್ನು ಎಲ್ಲಕ್ಕೂ ಮೂಲವೆಂದು ಹೇಳುವುದು ಒಂದು ರೂಢಿಯಾಗಿಬಿಟ್ಟಿದೆ. ವಾಸ್ತವವಾಗಿ ಉಡುಪಿ ಸೀಮೆಯವರ ಹೋಟೆಲು ಉದ್ಯಮ ಅದಕ್ಕಿಂತ ಅರ್ಧ ಶತಮಾನ ಹಳೆಯದು. ಮಾವಳ್ಳಿಯ ಎಂ.ಟಿ.ಆರ್. ಆರಂಭವಾದದ್ದು 1924ರಲ್ಲಿ, ಕೋಟದ ಬಳಿಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು ಅದನ್ನು ಹುಟ್ಟುಹಾಕಿದರು. ಬಸವನಗುಡಿಯ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದು. ಉಡುಪಿ ಕಡೆಯಿಂದ ಮದರಾಸಿಗೆ ಹೋದ ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ರಾಮನಾಡಿನ ರಾಜರ ಬಂಗಲೆಯನ್ನು ಗೇಣಿಗೆ ಪಡೆದು ಹೋಟೆಲು ತೆರೆದರು. ಆ ಬಂಗಲೆಯ ಹೆಸರು ವುಡ್‌ಲ್ಯಾಂಡ್ಸ್. ಒಂದು ಮನೆಯ ಹೆಸರು ಒಂದು ಉದ್ಯಮದ ಹೆಸರಾಗಿ ದೇಶದೇಶಗಳಿಗೆ ಹೋದದ್ದು ಹಾಗೆ. ನೆಲ ಕಳೆದುಕೊಂಡವರು ಮಾತ್ರವಲ್ಲ, ಮೊದಲಿನಿಂದಲೂ ಹಿಡಿ ನೆಲವಿಲ್ಲದವರು, ಅಡುಗೆಯೊಂದೇ ಕೈಯಲ್ಲಿದ್ದವರು ಈ ಉದ್ಯಮಕ್ಕೆ ಬಂದರು.

ನಿಮ್ಮ ಅತ್ತೆಯನ್ನು ಯುದ್ಧದ ಕಾಲದ ನೆನಪಿನ ಬಗ್ಗೆ ಕೇಳಿ. ಅವರು ಕಂಡಿರದಿದ್ದರೂ ದೊಡ್ಡತ್ತೆ ಹೇಳಿದ್ದು ನೆನಪಿರಬಹುದು. 1942ರಲ್ಲಿ ಬರ್ಮಾ ಜಪಾನೀಯರ ವಶವಾದ ಮೇಲೆ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಆ ಅಭಾವದಲ್ಲಿಯೇ ಅಕ್ಕಿಯ ಬದಲು ರವೆಯಿಂದ ಇಡ್ಲಿ ಮಾಡಲು ಹೊರಟು ರವೆ ಇಡ್ಲಿ ರೂಪುಗೊಂಡಿತೆಂದು ಎಂ.ಟಿ.ಆರ್.ನವರು ಹೇಳುತ್ತಾರೆ. ಕಡುಬಿಗೆ ಅಕ್ಕಿ ಸಿಗದ ವರ್ಷದಲ್ಲಿ ನಿಮ್ಮ ಜಗುಲಿಯಲ್ಲಿ ಏನು ಬೇಯಿಸಿದರು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದರೆ, ಕಾಲವೂ ಸಿಕ್ಕಿದಂತೆಯೇ.

ಕಾಫಿಪುಡಿ

ಬೆಲ್ಲದ ಕಾಫಿ ಎಂಬ ಮಾತನ್ನು ಓದಿ ಮನಸ್ಸು ತುಂಬಿಬಂತು. ನನ್ನ ಅಜ್ಜಿಯ ಮನೆಯಲ್ಲಿ ಅತಿಥಿಗಳಿಗೆ ಸಕ್ಕರೆ, ಮನೆಯವರಿಗೆ ಬೆಲ್ಲ ಎಂಬ ಕಟ್ಟುನಿಟ್ಟಿತ್ತು. ಗಿರಾಕಿಗಳಿಗೂ ಬೆಲ್ಲವೇ ಎಂದರೆ ಸಕ್ಕರೆಗೆ ನಿಯಂತ್ರಣವಿದ್ದ ಕಾಲವೇ ಆಗಿರಬಹುದಲ್ಲವೇ?

ಸೌದೆ ಒಲೆ

ಬೆಲ್ಲ ಅಗ್ಗ ಎಂಬುದೂ ಕಾರಣವಾಗಿರಬಹುದು. ಅಷ್ಟರಿಂದ ವರ್ಷ ಹೇಳಲಾಗದು.

ಹೊಳೆಯಾಚೆ

ನಾನು ಇಲ್ಲಿ ಅಪರೂಪಕ್ಕೆ ಬರೆಯುವವನು. ಚರಿತ್ರೆ ಎಂದು ಬರೆಯಲು ಹೊರಟಿರುವುದರಿಂದ ಒಂದು ಮಾತು ಕೇಳಲೇಬೇಕಾಗಿದೆ. ಆ ಜಗುಲಿಯಲ್ಲಿ ಯಾರು ಕೂರಬಹುದಾಗಿತ್ತು, ಯಾರು ಅಂಗಳದಲ್ಲಿ ನಿಲ್ಲಬೇಕಾಗಿತ್ತು? ನನ್ನ ಅಜ್ಜ ಸೌದೆಯ ಹೊರೆ ಇಳಿಸಿ ಇಂತಹದೇ ಒಂದು ಮನೆಯ ಹೋಟೆಲಿನ ಹಿತ್ತಿಲಲ್ಲಿ ನಿಂತು ತೆಂಗಿನ ಗೆರಟೆಯಲ್ಲಿ ಚಹಾ ಕುಡಿದವರು. ಆ ಗೆರಟೆಯನ್ನು ಅವರೇ ತರಬೇಕಿತ್ತು, ಕುಡಿದ ಮೇಲೆ ಅವರೇ ದೂರ ಎಸೆಯಬೇಕಿತ್ತು, ದುಡ್ಡನ್ನು ನೆಲದ ಮೇಲೆ ಇಡಬೇಕಿತ್ತು. ಅವರು ತಂದ ಸೌದೆಯಿಂದಲೇ ಆ ಚಹಾ ಕುದಿಯುತ್ತಿತ್ತು. ಸಂವಿಧಾನದ 15ನೆಯ ವಿಧಿ ಹೋಟೆಲು ಎಂಬ ಶಬ್ದವನ್ನೇ ಬಳಸಿ ಪ್ರವೇಶ ನಿರಾಕರಣೆಯನ್ನು ನಿಷೇಧಿಸಿದೆ. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂತು. ಅದಾದ ಮೇಲೆಯೂ ಎಷ್ಟೋ ವರ್ಷ ಗೆರಟೆ ಗೆರಟೆಯಾಗಿಯೇ ಉಳಿದಿತ್ತು. ನಿಮ್ಮ ಪುಸ್ತಿಕೆಯಲ್ಲಿ ಇದಕ್ಕೆ ಒಂದು ಪುಟ ಇರುತ್ತದೆಯೇ?

ತೆಂಕುಪೇಟೆ

ಐವತ್ತನೆಯ ವರ್ಷದ ಸಂತೋಷದ ಪುಸ್ತಿಕೆಯಲ್ಲಿ ಇದನ್ನೆಲ್ಲ ಎತ್ತುವುದು ಬೇಕೇ? ಆ ಕಾಲ ಹಾಗಿತ್ತು. ಇಂದಿನ ತಲೆಮಾರು ಅದನ್ನು ಹೊತ್ತುಕೊಂಡು ಏನು ಮಾಡಬೇಕು?

ಹೊಳೆಯಾಚೆ

ಅಜ್ಜಯ್ಯನ ಶ್ರಮವನ್ನು ಇಂದಿನ ತಲೆಮಾರು ಹೆಮ್ಮೆಯಿಂದ ಹೊತ್ತುಕೊಳ್ಳಬಹುದಾದರೆ ಇದನ್ನೂ ಹೊತ್ತುಕೊಳ್ಳಬಹುದು. ನಾನು ಯಾರನ್ನೂ ದೂರುತ್ತಿಲ್ಲ. ನನ್ನ ಅಜ್ಜನೂ ಆ ಹೋಟೆಲಿನ ಗಿರಾಕಿಯೇ, ದುಡ್ಡು ಕೊಟ್ಟೇ ಕುಡಿದದ್ದು. ಗಿರಾಕಿಗಳ ಚರಿತ್ರೆಯಲ್ಲಿ ಅವರೂ ಇರಬೇಕೆಂದಷ್ಟೇ ಕೇಳುತ್ತಿದ್ದೇನೆ.

ಮಾವಳ್ಳಿಯ ಓದುಗ

ಹೊಳೆಯಾಚೆಯವರ ಮಾತು ಸರಿಯಾಗಿದೆ. ನಾನು ಮೇಲೆ ಎಂ.ಟಿ.ಆರ್. ಬಗ್ಗೆ ಬರೆದೆನಲ್ಲ, ಅದರ ಮೊದಲ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಆಮೇಲೆ ಅದು ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಅಡುಗೆ ಯಾರದ್ದೆಂದು ಬೋರ್ಡಿನಲ್ಲಿಯೇ ಹೇಳಬೇಕಾಗಿದ್ದ ಕಾಲ ಅದು. ಬೇರೆಯವರು ಮುಟ್ಟಿದ ಅನ್ನವನ್ನು ಉಣ್ಣದ ಸಮಾಜ ಹೊರಗೆ ಕೂತು ತಿನ್ನಲು ಕಲಿತದ್ದು ಇಂತಹ ಜಗುಲಿಗಳಲ್ಲಿಯೇ, ಮತ್ತು ಒಂದೇ ಜಗುಲಿಯಲ್ಲಿ ಕೆಲವರಿಗೆ ಬಾಗಿಲು ತೆರೆದದ್ದೂ ಉಳಿದವರಿಗೆ ಮುಚ್ಚಿದ್ದೂ ಏಕಕಾಲದಲ್ಲಿ ನಡೆದಿದೆ. ಹೋಟೆಲಿನ ಚರಿತ್ರೆಗೆ ಬೆಲೆ ಇರುವುದೇ ಆ ಕಾರಣಕ್ಕೆ.

ಮಾಣಿಯಾಗಿದ್ದವ

ಹಾಗಾದರೆ ಮಾಣಿಗಳನ್ನೂ ಮರೆಯಬೇಡಿ. ನಾಲ್ಕನೆಯ ತರಗತಿ ಮುಗಿದ ಮೇಲೆ ನನ್ನನ್ನು ದೂರದ ನಗರದ ಒಂದು ಹೋಟೆಲಿಗೆ ಕಳುಹಿಸಿದರು. ಬೆಳಗ್ಗೆ ನಾಲ್ಕಕ್ಕೆ ಎದ್ದು ಒಲೆ ಹಚ್ಚುವುದರಿಂದ ರಾತ್ರಿ ಹನ್ನೊಂದಕ್ಕೆ ಮೇಜು ಒರೆಸುವ ತನಕ ಕೆಲಸ. ಮಲಗುವುದು ಅಕ್ಕಿಯ ಗೋಣಿಯ ಮೇಲೆ. ಮುಂಬಯಿಗೆ ಹೋದ ನನ್ನ ಗೆಳೆಯರು ಕೆಲವರು ಅಲ್ಲಿನ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದರು. ನನಗೆ ಆ ಭಾಗ್ಯ ಇರಲಿಲ್ಲ. ಹದಿನಾಲ್ಕು ವರ್ಷದೊಳಗಿನ ಮಕ್ಕಳು ಹೋಟೆಲಿನಲ್ಲಿ ದುಡಿಯಬಾರದೆಂಬ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಂದು. ಆ ದಿನ ನಾನು ನನ್ನ ಹೆಂಡತಿಗೆ ಹೇಳಿದೆ, ಈ ಕಾನೂನಿಗಾಗಿ ನಾನು ಮೂವತ್ತು ವರ್ಷ ಕಾದಿದ್ದೇನೆ ಎಂದು.

ನಿಮ್ಮ ಮೂಲಮನೆಯಲ್ಲಿ ತಿಂಡಿಯನ್ನು ಒಳಗಿನಿಂದ ಹೊರಗೆ ಯಾರು ತರುತ್ತಿದ್ದರು? ಆ ಕಾಲದಲ್ಲಿ ಮಡಿಯ ಹೆಂಗಸು ಹೊರಗೆ ಬಂದು ಬಡಿಸುತ್ತಿರಲಿಲ್ಲ. ಹಾಗಾದರೆ ನಡುವೆ ಒಬ್ಬ ಹುಡುಗ ಇದ್ದೇ ಇದ್ದಾನೆ. ಅವನು ಈಗ ಬದುಕಿದ್ದರೆ ಅವನಿಗಿಂತ ದೊಡ್ಡ ಸಾಕ್ಷಿ ನಿಮಗೆ ಸಿಗುವುದಿಲ್ಲ.

ಘಟ್ಟದ ಬುಡ

ಇಷ್ಟು ಮಂದಿ ಬರೆಯುತ್ತೀರೆಂದು ಎಣಿಸಿರಲಿಲ್ಲ. ನಿನ್ನೆ ಅತ್ತೆಗೆ ಫೋನು ಮಾಡಿ ಒಂದೂವರೆ ಗಂಟೆ ಮಾತನಾಡಿದೆ.

ಗೆರಟೆಯ ವಿಷಯ ನಿಜ. ನಮ್ಮ ಮನೆಯ ಹಿತ್ತಿಲ ಬೇಲಿಯ ಬದಿಯಲ್ಲಿಯೂ ಗೆರಟೆಗಳ ರಾಶಿ ಇತ್ತಂತೆ. ಅತ್ತೆ ಇದನ್ನು ಹೇಳುವಾಗ ಬಹಳ ಹೊತ್ತು ಸುಮ್ಮನಾದರು. ಅದನ್ನು ಬರೆಯುತ್ತೇನೆ, ದೊಡ್ಡಪ್ಪ ಒಪ್ಪಲಿ ಬಿಡಲಿ. ಮಾಣಿಯ ವಿಷಯವೂ ನಿಜ: ಅಡುಗೆಮನೆಯ ದಳಿಯ ಸಂದಿಯಿಂದ ದೊಡ್ಡತ್ತೆ ತಟ್ಟೆಗಳನ್ನು ಹೊರಗೆ ಚಾಚುತ್ತಿದ್ದರು, ಒಬ್ಬ ಹುಡುಗ ಅದನ್ನು ಜಗುಲಿಗೆ ಒಯ್ಯುತ್ತಿದ್ದ. ಗಿರಾಕಿಗಳು ಅವರ ಮುಖವನ್ನು ಕಂಡದ್ದಿಲ್ಲ, ಬಳೆಯಿಲ್ಲದ ಕೈಯನ್ನು ಮಾತ್ರ ಕಂಡಿದ್ದಾರೆ. ಆ ಹುಡುಗ ಮುಂದೆ ಘಟ್ಟದ ಮೇಲೆ ತೋಟ ಮಾಡಿಕೊಂಡನಂತೆ. ತೀರಿಕೊಂಡು ಕೆಲವು ವರ್ಷಗಳಾದವು.

ಇದನ್ನೆಲ್ಲ ಕೇಳಿಯೂ ದೊಡ್ಡಪ್ಪ ಕದಲಲಿಲ್ಲ. "ಅವರು ಅಡುಗೆ ಮಾಡಿರಬಹುದು, ಹೋಟೆಲು ಹಾಕಿದ್ದು ಅಪ್ಪಯ್ಯ" ಎಂಬುದೊಂದೇ ಮಾತು.

ವಕಾಲತ್ತು

ವಕೀಲನಾಗಿ ಒಂದು ಎಚ್ಚರಿಕೆ ಕೊಡುತ್ತೇನೆ. ಪುಸ್ತಿಕೆಯಲ್ಲಿ "ಪಿತ್ರಾರ್ಜಿತ", "ಸ್ವಯಾರ್ಜಿತ" ಎಂಬ ಶಬ್ದಗಳನ್ನು ಭಾವುಕತೆಯಿಂದ ಬಳಸಬೇಡಿ. ಮನೆ ಪಿತ್ರಾರ್ಜಿತವಾಗಿರಬಹುದು, ಆದರೆ ಅದರೊಳಗೆ ನಡೆಯುವ ವ್ಯಾಪಾರವೂ ಅವಿಭಕ್ತ ಕುಟುಂಬದ್ದೇ ಎಂದು ಕಾನೂನು ತಾನಾಗಿ ಭಾವಿಸುವುದಿಲ್ಲ. ಹಾಗೆಂದು ಹೇಳುವವರು ಅದನ್ನು ಸಾಬೀತುಪಡಿಸಬೇಕು. ಮುಂದೆ ಎಂದಾದರೂ ಪಾಲಿನ ದಾವೆ ಬಂದರೆ, ಹಿರಿಯರ ಒಪ್ಪಿಗೆಯಿಂದ ಅಚ್ಚಾದ ಈ ಪುಸ್ತಿಕೆಯನ್ನೇ ಯಾರಾದರೂ ನ್ಯಾಯಾಲಯದ ಮುಂದೆ ಇಡಬಹುದು.

ನಿಮ್ಮ ಅತ್ತೆಯ ಹಕ್ಕಿನ ವಿಷಯವನ್ನೂ ತಿಳಿದಿರಿ. ಕರ್ನಾಟಕ 1994ರಲ್ಲಿಯೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕು ಕೊಟ್ಟಿತು, ಆದರೆ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು. ಆ ದಿನ ತಂದೆ ಬದುಕಿರಬೇಕಾಗಿಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ತೀರ್ಪು ಕೊಟ್ಟಿದೆ. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಾಯಿತ ಪಾಲು ಆಗಿದ್ದರೆ ಮಾತು ಬೇರೆ. ಇದನ್ನು ಹೇಳಿದ್ದು ಜಗಳ ಹಚ್ಚಲಿಕ್ಕಲ್ಲ. ಅತ್ತೆಯ ಮಾತನ್ನು ಬರೆಯುವುದೋ ಬಿಡುವುದೋ ಎಂಬ ತೀರ್ಮಾನದ ಹಿಂದೆ ಇಂತಹ ಭಯವೂ ಇರಬಹುದು, ಅದನ್ನು ಮನೆಯೊಳಗೆ ಬಾಯಿಬಿಟ್ಟು ಮಾತನಾಡಿ ಮುಗಿಸಿಕೊಳ್ಳುವುದು ಒಳ್ಳೆಯದು.

ಘಟ್ಟದ ಬುಡ

ವಕೀಲರ ಮಾತನ್ನು ಓದಿದ ಮೇಲೆ ದೊಡ್ಡಪ್ಪನೊಡನೆ ಕೂತು ಮಾತನಾಡಿದೆ. ಅಂತಹ ಭಯ ಅವರಿಗೆ ಇದ್ದದ್ದು ನಿಜವೆಂದು ಅವರೇ ಒಪ್ಪಿದರು. ಅತ್ತೆ ತಮಗೆ ಪಾಲು ಬೇಡ, ದೊಡ್ಡತ್ತೆಯ ಹೆಸರು ಬಂದರೆ ಸಾಕೆಂದು ಅಳುತ್ತ ಹೇಳಿದರು. ಪಾಲು ಬೇಡವೆನ್ನುವುದು ಅವರ ಇಷ್ಟ. ಅದನ್ನು ನಾವು ಕೇಳಿ ಪಡೆಯುವುದು ತಪ್ಪೆಂದು ನಾನು ಹೇಳಿದ್ದೇನೆ.

ಆ ಮಾತುಕತೆಯ ಮರುದಿನ ದೊಡ್ಡಪ್ಪ ತಾವಾಗಿಯೇ ಅಟ್ಟದ ಮೇಲಿನ ಮರದ ಪೆಟ್ಟಿಗೆಯನ್ನು ಇಳಿಸಿಕೊಟ್ಟರು. ಒಳಗೆ ಅಜ್ಜಯ್ಯನ ಕೈಬರಹದ ಮೂರು ಲೆಕ್ಕದ ಪುಸ್ತಕಗಳು. ಒಂದರಲ್ಲಿ ರೂಪಾಯಿ, ಆಣೆ, ಪೈ ಎಂಬ ಅಂಕಣಗಳಿವೆ, ಲೆಕ್ಕಿಗರು ಹೇಳಿದಂತೆಯೇ ಹನ್ನೆರಡು ಪೈಗೆ ಒಂದು ಆಣೆ ಮುಂದಕ್ಕೆ ಹೋಗಿದೆ. ಮೊದಲ ಪುಟದ ಮೊದಲ ಜಮೆ "ಅಕ್ಕನ ಬಳೆ ಅಡವು ಇಟ್ಟು ಬಂದದ್ದು" ಎಂದಿದೆ. ಅದರ ಕೆಳಗೆ ಖರ್ಚು: ಹಿತ್ತಾಳೆ ಲೋಟ, ಬಾಣಲೆ, ಅರೆಯುವ ಕಲ್ಲು. ಮುಂದೆ ತಿಂಗಳು ತಿಂಗಳು "ಅಕ್ಕನ ಬಾಬ್ತು" ಎಂದು ಸಣ್ಣ ಮೊತ್ತ ಖರ್ಚಿಗೆ ಬಿದ್ದಿದೆ. ಆರಂಭದ ಹಣ ದೊಡ್ಡತ್ತೆಯದ್ದು, ಅಜ್ಜಯ್ಯ ಅದನ್ನು ಸಾಲವೆಂದೇ ತಿಳಿದು ತೀರಿಸುತ್ತಿದ್ದರು. ಇದನ್ನು ಓದಿ ನನಗೆ ಅಜ್ಜಯ್ಯನ ಮೇಲಿನ ಗೌರವ ಹೆಚ್ಚಿತು. ಅವರು ಏನನ್ನೂ ಮುಚ್ಚಿಟ್ಟಿರಲಿಲ್ಲ, ಮರೆತವರು ನಾವು.

ತೆಂಕುಪೇಟೆ

ಬಳೆಯ ಸಾಲನ್ನು ಓದಿದ ಮೇಲೆ ನನ್ನ ವಾದವನ್ನು ಹಿಂದಕ್ಕೆ ಪಡೆಯುತ್ತೇನೆ. ಸ್ಥಾಪಕರು ಅವರೇ.

ಲೆಕ್ಕಿಗ

ಪುಸ್ತಕಗಳನ್ನು ಬಿಸಿಲಿಗೆ ಒಣಗಿಸಬೇಡಿ, ಹಾಳೆ ಪುಡಿಯಾಗುತ್ತದೆ. ನೆರಳಿನಲ್ಲಿ ಗಾಳಿಯಾಡಲು ಬಿಟ್ಟು ಪ್ರತಿ ಪುಟದ ಫೋಟೋ ತೆಗೆದಿಡಿ.

ಘಟ್ಟದ ಬುಡ

ಹಾಗೆಯೇ ಮಾಡುತ್ತೇನೆ. ಆದರೆ ಈಗ ಹೊಸದೊಂದು ಕಷ್ಟ ಎದುರಾಗಿದೆ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ದೊಡ್ಡತ್ತೆಯ ಹೆಸರೇನೆಂದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಲೆಕ್ಕದಲ್ಲಿ ಅಕ್ಕ, ಮನೆಯಲ್ಲಿ ದೊಡ್ಡತ್ತೆ, ಊರಿಗೂ ದೊಡ್ಡತ್ತೆ. ಅತ್ತೆಗೂ ನೆನಪಿಲ್ಲ, ದೊಡ್ಡಪ್ಪನಿಗೂ ನೆನಪಿಲ್ಲ.

ಹಳೆಯ ಕಡತ

ಮತದಾರರ ಪಟ್ಟಿಯನ್ನು ನೋಡಿ. 1951–52ರ ಮೊದಲ ಮಹಾಚುನಾವಣೆಯ ಹೊತ್ತಿಗೆ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಹೇಳಿ ಸ್ವಂತ ಹೆಸರು ಹೇಳಲೊಪ್ಪದ ಸುಮಾರು 28 ಲಕ್ಷ ಹೆಂಗಸರನ್ನು ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನರು ಪಟ್ಟಿಯಿಂದ ಕೈಬಿಡಬೇಕಾಯಿತು. ಅವರಲ್ಲಿ ಹೆಚ್ಚಿನವರು ಉತ್ತರ ಭಾರತದವರು. ನಮ್ಮ ಕಡೆಯ ಪಟ್ಟಿಯಲ್ಲಿ ನಿಮ್ಮ ದೊಡ್ಡತ್ತೆಯ ಹೆಸರು ಇರುವ ಸಾಧ್ಯತೆ ಇದೆ. ಮರಣ ನೋಂದಣಿಯ ಪುಸ್ತಕವನ್ನೂ ಕೇಳಿ.

ಪಂಚಾಂಗದ ಮನೆ

ಕಚೇರಿಗಳಿಗೆ ಹೋಗುವ ಮೊದಲು ನಿಮ್ಮ ದೊಡ್ಡಪ್ಪ ಮಹಾಲಯದಲ್ಲಿ ತರ್ಪಣ ಬಿಡುವ ಪಟ್ಟಿಯನ್ನು ನೋಡಿ. ಪಕ್ಷಮಾಸದಲ್ಲಿ ತಂದೆ ತಾಯಿಯರ ವರ್ಗಕ್ಕೆ ಮಾತ್ರವಲ್ಲ, ಸಂತಾನವಿಲ್ಲದೆ ಹೋದ ಬಂಧುಗಳಿಗೂ ಹೆಸರು ಹಿಡಿದು ನೀರು ಬಿಡುವ ಕ್ರಮವಿದೆ; ಕಾರುಣ್ಯ ಪಿತೃಗಳೆಂದು ಅವರನ್ನು ಕರೆಯುತ್ತಾರೆ. ತಂದೆಯ ಅಕ್ಕತಂಗಿಯರಿಗೆ ಅಲ್ಲಿ ಪಿತೃಷ್ವಸಾ ಎಂಬ ಸ್ಥಾನವಿದೆ. ಗೋತ್ರ ನಿಮ್ಮದಾಗಿರುವುದಿಲ್ಲ, ಗಂಡನ ಮನೆಯ ಗೋತ್ರವಿರುತ್ತದೆ. ಆದುದರಿಂದ ಓದುವವರಿಗೆ ಅದು ನಮ್ಮ ಮನೆಯವರ ಹೆಸರೆಂದು ಹೊಳೆಯದೆ ಇರಬಹುದು.

ಸೌದೆ ಒಲೆ

ಹಾಗೇನಾದರೂ ಸಿಕ್ಕಿದರೆ ಕೂಡಲೇ ತಿಳಿಸಿ. ಎರಡು ದಿನಗಳಿಂದ ನನಗೆ ಇದೇ ಯೋಚನೆಯಾಗಿದೆ.

ಘಟ್ಟದ ಬುಡ

ಸಿಕ್ಕಿತು.

ದೊಡ್ಡಪ್ಪನ ಪಟ್ಟಿ ಅಜ್ಜಯ್ಯ ಬರೆದುಕೊಟ್ಟದ್ದು. ಹಾಳೆ ಹರಿದಾಗ ದೊಡ್ಡಪ್ಪ ಅದನ್ನು ಅಕ್ಷರ ಬಿಡದೆ ನಕಲು ಮಾಡಿಕೊಂಡಿದ್ದರು. ಕೊನೆಯಿಂದ ನಾಲ್ಕನೆಯ ಸಾಲಿನಲ್ಲಿ ಪಿತೃಷ್ವಸಾ ಎಂದಿದೆ, ಬೇರೆ ಗೋತ್ರವಿದೆ, ಹೆಸರಿದೆ. ಅಜ್ಜಯ್ಯ ಹೋದ ಮೇಲೆ ವರ್ಷ ತಪ್ಪದೆ ದೊಡ್ಡಪ್ಪ ಆ ಹೆಸರನ್ನು ತಮ್ಮ ಬಾಯಿಂದಲೇ ಹೇಳಿ, ಅದು ಯಾರೆಂದು ಕೇಳದೆ, ಎಳ್ಳುನೀರು ಬಿಡುತ್ತ ಬಂದಿದ್ದಾರೆ. ಪಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಅವರು ಅಡುಗೆಮನೆಗೆ ಹೋದರು. ದಳಿಯನ್ನು ಬಹಳ ಹಿಂದೆಯೇ ಕಿತ್ತು ಗೋಡೆ ಕಟ್ಟಿಸಿದ್ದಾರೆ. ಆ ಗೋಡೆಯ ಮುಂದೆ ಸ್ವಲ್ಪ ಹೊತ್ತು ನಿಂತರು. ಆಮೇಲೆ ಅತ್ತೆಗೆ ಅವರೇ ಫೋನು ಮಾಡಿ ಹೆಸರನ್ನು ಓದಿ ಹೇಳಿದರು.

ಫಲಕದಲ್ಲಿ ವರ್ಷ ಹಾಕುವುದಿಲ್ಲವೆಂದು ತೀರ್ಮಾನವಾಗಿದೆ, ಏಕೆಂದರೆ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ತಿಂಗಳಿದೆ, ಇಸವಿ ಇರುವ ಮೂಲೆಯನ್ನು ಹುಳು ತಿಂದಿದೆ. ಮೊದಲು ಅವರ ಹೆಸರು, ಅನಂತರ ಅಜ್ಜಯ್ಯನದು. ಹಿತ್ತಿಲ ಬೇಲಿಯ ಪುಟವನ್ನು ಬರೆದು ಮುಗಿಸಿದ ಮೇಲೆ ಹೊಳೆಯಾಚೆಯವರಿಗೆ ಕಳುಹಿಸುತ್ತೇನೆ, ಅಚ್ಚಿಗೆ ಕೊಡುವ ಮೊದಲು ಅವರು ಓದಿ ತಿದ್ದಬೇಕು. ದೊಡ್ಡತ್ತೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಕ್ಷಮಿಸಿ. ಅದನ್ನು ಮೊದಲು ಕಲ್ಲಿನ ಮೇಲೆ ಓದಬೇಕೆಂದು ಅತ್ತೆ ಕೇಳಿಕೊಂಡಿದ್ದಾರೆ.

ಹೊಳೆಯಾಚೆ

ಕಳುಹಿಸಿ, ಓದುತ್ತೇನೆ. ಫಲಕ ಹಾಕುವ ದಿನವನ್ನೂ ತಿಳಿಸಿ, ನನ್ನ ತಂದೆಯನ್ನು ಕರೆದುಕೊಂಡು ಬರುತ್ತೇನೆ. ಜಗುಲಿಯಲ್ಲಿ ಕೂತು ಬೆಲ್ಲದ ಕಾಫಿ ಕುಡಿಯಬೇಕೆಂದು ಅವರು ಹೇಳುತ್ತಿದ್ದಾರೆ.